ಬಾಯ್ದೆರೆದ ಮೊಸಳೆ

ರಾಯಚೂರು ಜಿಲ್ಲೆಯ ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ದೇವದುರ್ಗ ತಾಲ್ಲೂಕು ಮೊದಲನೆಯ ಹೊಳೆಯ ದಂಡೆಗೂ ಮಾನ್ವಿ ಎರಡನೆಯದರ ದಂಡೆಗೂ ಸೇರಿದುವು. ಬೇಸಗೆ ಬಂದಿತೆಂದರೆ ಎರಡೂ ಹೊಳೆಗಳು ಸೊರಗಿ, ಬಂಡೆಗಳೂ ಮರಳುದಿಬ್ಬಗಳೂ ಎದ್ದು ಕಾಣುತ್ತವೆ. ದೇವದುರ್ಗದ ಕಡೆಯಿಂದ ರಾಯಚೂರಿನತ್ತ ಹರಿಯುವ ಕೃಷ್ಣೆಯಲ್ಲಿ ಇಂಥ ದಿಬ್ಬಗಳ ಮೇಲೆ ಮೊಸಳೆಗಳು ಬಿಸಿಲಿಗೆ ಮೈಯೊಡ್ಡಿ ಮಲಗುವುದುಂಟು. ಕ್ಯಾಮೆರಾ ಹೊತ್ತವರಿಗೆ ಅದೇ ಸುಗ್ಗಿ.

ಅವರು ತರುವ ಚಿತ್ರಗಳಲ್ಲಿ ಮೊಸಳೆ ಬಾಯಿ ತೆರೆದುಕೊಂಡಿರುವುದೇ ಹೆಚ್ಚು. ಅದನ್ನು ಕಂಡವರು ಪ್ರಾಣಿಯು ಕೆರಳಿದೆಯೆಂದು ಭಾವಿಸುತ್ತಾರೆ. ವಾಸ್ತವವಾಗಿ ಅದು ಸೆಕೆ ಆರಿಸಿಕೊಳ್ಳುತ್ತಿರುತ್ತದೆ. ನಮ್ಮಂತೆ ಬೆವರಿ ತಣಿಯುವ ಉಪಾಯ ಮೊಸಳೆಗಿಲ್ಲ. ಬಾಯೊಳಗಿನ ತೇವವು ಆವಿಯಾದಂತೆ ತಲೆಯ ಶಾಖ ಇಳಿಯುತ್ತದೆ. ತಂಪು ಹೊತ್ತಿನಲ್ಲಿಯೂ ಅದು ಬಾಯ್ದೆರೆದು ಮಲಗುವುದುಂಟಾದ್ದರಿಂದ, ಕಾರಣ ಇದೊಂದೇ ಎನ್ನುವಂತಿಲ್ಲ. ಆ ದವಡೆಗಳನ್ನು ಮುಚ್ಚುವ ಸ್ನಾಯುಗಳು ಮಹಾಬಲಿಷ್ಠ, ತೆರೆಯುವವು ತೀರ ದುರ್ಬಲ. ಗಂಟಲ ಬಳಿಯಿರುವ ಕವಾಟವು ನೀರನ್ನು ತಡೆಯುವುದರಿಂದ, ಮುಳುಗಿರುವಾಗಲೂ ಅದು ಬಾಯ್ತೆರೆದು ಬೇಟೆಯನ್ನು ಹಿಡಿಯಬಲ್ಲದು.

ಓದುಗರು ಗಮನಿಸಬೇಕಾದುದು ಇದು: ಭಯಂಕರವಾಗಿ ತೋರುವ ಚಿತ್ರದಲ್ಲಿರುವುದು ಬಿಸಿಲು ಕಾಯುವ ಮೊಸಳೆ. ಅಪಾಯದ ಮೊಸಳೆ ಚಿತ್ರಕ್ಕೆ ಸಿಕ್ಕುವುದೇ ವಿರಳ. ಕಣ್ಣು, ಕಿವಿ, ಮೂಗಿನ ಹೊಳ್ಳೆಗಳು ತಲೆಯ ಮೇಲ್ಭಾಗದಲ್ಲಿಯೇ ಇರುವುದರಿಂದ ಅದು ಇಡೀ ದೇಹವನ್ನು ನೀರಿನಲ್ಲಿ ಅಡಗಿಸಿ, ಕಟ್ಟಿಗೆಯ ತುಂಡಿನಂತೆ ತೇಲುತ್ತ ಕಾಯುತ್ತದೆ. ಬೇಸಗೆಯಲ್ಲಿ ಉಳಿದ ಮಡುಗಳಿಗೆ ಮೊಸಳೆಯೂ ಕುರಿಗಾಹಿಯೂ ಬಲೆಗಾರನೂ ಪಂಪುಸೆಟ್ಟಿನ ರೈತನೂ ಬರಲೇಬೇಕು. ಇರುಳಿನಲ್ಲಿ ಬ್ಯಾಟರಿ ಬೆಳಕು ಬಿಟ್ಟು ನೋಡುವುದು ಒಳ್ಳೆಯ ರೂಢಿ: ಕಣ್ಣಿನ ಹಿಂಭಾಗದ ಪ್ರತಿಫಲಕ ಪದರವು ಬೆಳಕನ್ನು ಹಿಂದಿರುಗಿಸಿ, ಕಣ್ಣುಗಳು ಕೆಂಡದಂತೆ ಹೊಳೆಯುತ್ತವೆ. ಆದರೆ ಹೊಳಪು ಕಾಣಲಿಲ್ಲವೆಂದು ನೀರಿಗಿಳಿಯುವುದು ಸಲ್ಲದು. ಮುಳುಗಿದ ಮೊಸಳೆಯ ಕಣ್ಣು ಕಾಣುವುದು ಹೇಗೆ?

ಸುಮಾರು ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಹೆಣ್ಣು ಮೊಸಳೆ ದಂಡೆಯ ಇಳಿಜಾರಿನಲ್ಲಿ ಗುಳಿ ತೋಡಿ, ಸಾಮಾನ್ಯವಾಗಿ 25ರಿಂದ 30 ಮೊಟ್ಟೆಗಳನ್ನಿಟ್ಟು ಮುಚ್ಚುತ್ತದೆ. ಮರಿ ಗಂಡೋ ಹೆಣ್ಣೋ ಎಂಬುದನ್ನು ನಿರ್ಧರಿಸುವುದು ಗುಳಿಯೊಳಗಿನ ಶಾಖ! 31 ಡಿಗ್ರಿ ಸೆಲ್ಸಿಯಸ್ ಹಾಗೂ ಅದಕ್ಕಿಂತ ಕಡಿಮೆಯಿದ್ದರೆ ಹೆಣ್ಣು, 32.5ರ ಆಸುಪಾಸಿನಲ್ಲಿ ಗಂಡು. ಎರಡು ತಿಂಗಳ ಬಳಿಕ ಮರಿಗಳು ಮೊಟ್ಟೆಯೊಳಗಿಂದಲೇ ಕೂಗುತ್ತವೆ. ತಾಯಿ ಮಣ್ಣನ್ನು ಕೆದರಿ, ಅದೇ ಭೀಕರ ಬಾಯಿಯಲ್ಲಿ ಅವುಗಳನ್ನು ಮೆಲ್ಲನೆತ್ತಿ ನೀರಿಗೊಯ್ಯುತ್ತದೆ. ಮೊಟ್ಟೆಗಳಿರುವ ಕಾಲದಲ್ಲಿ ಅದು ಗುಳಿಯ ಹತ್ತಿರವೇ ಕಾವಲಿರುತ್ತದೆ. ಚಿತ್ರದ ಆಸೆಯಿಂದ ಅಲ್ಲಿಗೆ ಸಮೀಪಿಸುವವನು ತನಗೂ ಕೇಡು ತಂದುಕೊಳ್ಳುತ್ತಾನೆ, ಮೊಟ್ಟೆಗಳಿಗೂ ತರುತ್ತಾನೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ ಈ ಪ್ರಾಣಿಗೆ ಮೊದಲನೆಯ ಅನುಸೂಚಿಯ ರಕ್ಷಣೆಯುಂಟು.

ದೂರದಿಂದ ತೆಗೆದ ಚಿತ್ರವೇನೂ ಕೀಳಲ್ಲ. ಮೊಸಳೆಯ ಬೆನ್ನಿನ ಗಡಸು ಫಲಕಗಳ ಜೋಡಣೆ ಒಂದರಂತೆ ಇನ್ನೊಂದಕ್ಕಿರುವುದಿಲ್ಲ, ನಮ್ಮ ಬೆರಳಚ್ಚಿನ ಹಾಗೆ. ಡ್ರೋನ್‌ನಿಂದ ತೆಗೆದ ಚಿತ್ರಗಳನ್ನು ಗಣಕಯಂತ್ರಕ್ಕೊಪ್ಪಿಸಿ, ಹಿಡಿಯದೆ, ಮುಟ್ಟದೆ, ಒಂದೊಂದು ಮೊಸಳೆಯನ್ನೂ ಗುರುತಿಸಬಹುದೆಂದು ಗುಜರಾತಿನಲ್ಲಿ ನಡೆದ ಅಧ್ಯಯನವೊಂದು 2022ರಲ್ಲಿ ತೋರಿಸಿತು. ಕೃಷ್ಣೆಯ ದಂಡೆಗೆ ಹೋಗುವ ಹವ್ಯಾಸಿಗಳು ಬಾಯಿಯ ಮೋಹವನ್ನು ಕೊಂಚ ಬಿಟ್ಟು ಬೆನ್ನಿನ ಚಿತ್ರವನ್ನೂ ತೆಗೆದು, ದಿನಾಂಕವನ್ನೂ ಸ್ಥಳವನ್ನೂ ಬರೆದಿಟ್ಟರೆ, ಯಾವ ಮಡುವಿನಲ್ಲಿ ಯಾವ ಮೊಸಳೆ ನೆಲೆಸಿದೆ, ಕುರಿಗಳನ್ನು ನೀರಿಗೆ ಎಲ್ಲಿ ಇಳಿಸಬಾರದು ಎಂಬುದು ದಂಡೆಯ ಊರುಗಳವರಿಗೆ ತಿಳಿಯುತ್ತದೆ.