ಹಿಮನದಿ ಹರಿಯದ ನಾಡಿನ ದುಂಡುಬಂಡೆಗಳು: ಪೆರೇಸಂದ್ರ ಪರಿಸರದ ಭೂರೂಪ

ಚಿಕ್ಕಬಳ್ಳಾಪುರದಿಂದ ಬಾಗೇಪಲ್ಲಿಯತ್ತ ಸಾಗುವ ಹೆದ್ದಾರಿಯಲ್ಲಿರುವ ಪೆರೇಸಂದ್ರದ ಸುತ್ತಮುತ್ತ ಬೋಳುಗುಡ್ಡಗಳೂ ಒಂದರ ಮೇಲೊಂದು ಪೇರಿಸಿಟ್ಟಂತಹ ದುಂಡುಬಂಡೆಗಳೂ ಹರಡಿಕೊಂಡಿವೆ. ಯುರೋಪಿನ ಬಯಲುಗಳಲ್ಲಿ ಕಾಣುವ ಒಂಟಿಬಂಡೆಗಳನ್ನು ಹಿಮನದಿಗಳು ಹೊತ್ತು ತಂದವೆಂದು ಲೂಯಿ ಅಗಾಸಿ 1840ರಲ್ಲಿ ಪ್ರತಿಪಾದಿಸಿದನು. ನೋಟದಲ್ಲಿ ಅವನ್ನು ಹೋಲುವ ಇಲ್ಲಿನ ಬಂಡೆಗಳ ಹುಟ್ಟು ಮಾತ್ರ ಬೇರೆ ಬಗೆಯದು.

ಹಿಮನದಿಯು ತನ್ನ ಭಾರದಿಂದಲೇ ಇಳಿಜಾರಿನಲ್ಲಿ ಸರಿಯುತ್ತದೆ. ಅದರ ತಳದಲ್ಲಿ ಸಿಲುಕಿದ ಕಲ್ಲುಗಳು ಅಡಿಬಂಡೆಯನ್ನು ಗೀರುತ್ತವೆ; ಕಣಿವೆಯು ಅಗಲವಾದ ತೊಟ್ಟಿಯಂತಾಗುತ್ತದೆ. ಹಿಮ ಕರಗಿದೆಡೆ ಹೆಬ್ಬಂಡೆ, ಜಲ್ಲಿ, ಜೇಡಿಗಳು ಬೆರೆತ ರಾಶಿ ಉಳಿಯುತ್ತದೆ. ಕರಗಿದ ನೀರು ಅದನ್ನು ವಿಂಗಡಿಸಿ ಜಲ್ಲಿಯನ್ನು ಹತ್ತಿರದಲ್ಲಿಯೂ ನವಿರು ಮಣ್ಣನ್ನು ದೂರದಲ್ಲಿಯೂ ಇಳಿಸುತ್ತದೆ. ಸುಮಾರು 30 ಕೋಟಿ ವರ್ಷಗಳ ಹಿಂದಿನ ಇಂತಹ ಹಿಮನಿಕ್ಷೇಪವನ್ನು ಒಡಿಶಾದ ತಾಲ್ಚೇರ್‌ನಲ್ಲಿ ಬ್ಲ್ಯಾನ್‌ಫರ್ಡ್ ಸೋದರರು ಮತ್ತು ಥಿಯೋಬಾಲ್ಡ್ 1856ರಲ್ಲಿ ಗುರುತಿಸಿದರು.

ಪೆರೇಸಂದ್ರದ ಬಂಡೆಗಳಾದರೋ ತಮ್ಮ ಅಡಿಯ ಶಿಲೆಯದೇ ತುಣುಕುಗಳು. ಇಲ್ಲಿನ ಗ್ರಾನೈಟ್ ಮತ್ತು ನೈಸ್ ಶಿಲೆಗಳು 250 ಕೋಟಿ ವರ್ಷಗಳಷ್ಟು, ಕೆಲವೆಡೆ ಅದಕ್ಕಿಂತಲೂ ಪ್ರಾಚೀನವಾದವು. ನೆಲದಾಳದಲ್ಲಿದ್ದ ಇವುಗಳ ಮೇಲಿನ ಹೊದಿಕೆ ಸವೆದಂತೆ ಒತ್ತಡ ತಗ್ಗಿ ಬಿರುಕುಗಳು ಬಿಟ್ಟುಕೊಂಡವು. ಅವುಗಳಲ್ಲಿ ಇಳಿದ ಮಳೆನೀರು ಫೆಲ್ಡ್‌ಸ್ಪಾರನ್ನು ಜೇಡಿಯಾಗಿಸಿತು. ಬೆಣಚುಕಲ್ಲಿನ ಹರಳುಗಳು ಗರಸಾಗಿ ಉಳಿದವು. ಚೌಕತುಂಡಿನ ಮೂಲೆಯನ್ನು ನೀರು ಮೂರು ಮುಖಗಳಿಂದ ತಾಕುವುದರಿಂದ ಮೂಲೆಗಳೇ ಮೊದಲು ಸವೆದು ನಡುವಿನ ಗಟ್ಟಿ ತಿರುಳು ದುಂಡಗಾಯಿತು. ಗರಸು ಕೊಚ್ಚಿಹೋದ ಬಳಿಕ ಆ ತಿರುಳೇ ಬಂಡೆಯಾಗಿ ನಿಂತಿತು.

ಈ ವ್ಯತ್ಯಾಸವು ಜನಜೀವನಕ್ಕೂ ಸಂಬಂಧಿಸಿದುದು. ಗೋಮುಖದಲ್ಲಿ ಹೊರಡುವ ಭಾಗೀರಥಿಗೆ ಬೇಸಿಗೆಯಲ್ಲಿ ಹಿಮದ ನೀರು ದೊರೆಯುತ್ತದೆ. ನಂದಿಬೆಟ್ಟದ (1,478 ಮೀಟರ್) ಸುತ್ತಣ ಸಾಲಿನಲ್ಲಿ ಹುಟ್ಟುವ ಚಿತ್ರಾವತಿ, ಉತ್ತರ ಮತ್ತು ದಕ್ಷಿಣ ಪಿನಾಕಿನಿಗಳಿಗೆ ಮಳೆಯೊಂದೇ ಆಧಾರ. ಮಳೆ ನಿಂತ ಮೇಲೆ ಅವು ಬತ್ತುತ್ತವೆ. ಆದುದರಿಂದಲೇ ಈ ಸೀಮೆಯಲ್ಲಿ ಕೆರೆಗಳ ಸರಣಿ ಬೆಳೆಯಿತು. ಊರಹೆಸರುಗಳಲ್ಲಿನ ‘ಸಂದ್ರ’ವು ದೊಡ್ಡ ಕೆರೆಯನ್ನು ಸೂಚಿಸುವ ‘ಸಮುದ್ರ’ದ ತದ್ಭವವೆಂಬುದು ಇಲ್ಲಿ ಗಮನಾರ್ಹ.

ಕೆರೆಯಿಂದ ಇಂಗುವ ನೀರನ್ನು ಹಿಡಿದಿಡುವುದೂ ಬಂಡೆ ಕೊಳೆತು ಉಂಟಾದ ಆ ಗರಸಿನ ಪದರವೇ. ಅದರ ಕೆಳಗಿನ ಗಟ್ಟಿಶಿಲೆಯಲ್ಲಿ ಬಿರುಕುಗಳ ಹೊರತು ನೀರಿಗೆ ತಾವಿಲ್ಲ. ಕೊಳವೆಬಾವಿಗಳು ಆ ಬಿರುಕುಗಳನ್ನು ಬರಿದುಮಾಡಿದರೆ ಅವನ್ನು ತುಂಬಲು ಮಳೆ ಮತ್ತು ಕೆರೆಗಳೇ ಗತಿ. ಕಲ್ಲುಗಣಿಗಾರಿಕೆಯು ಗುಡ್ಡಗಳನ್ನು ಒಡೆದಾಗ ಭೂಚರಿತ್ರೆಯ ಸಾಕ್ಷ್ಯದೊಡನೆ ಕೆರೆಗಳಿಗೆ ನೀರು ಹರಿಸುವ ಇಳಿಜಾರುಗಳೂ ಅಳಿಯುತ್ತವೆ. ಬಂಡೆ, ಗರಸು, ಕೆರೆಗಳನ್ನು ಒಂದೇ ವ್ಯವಸ್ಥೆಯೆಂದು ಪರಿಗಣಿಸುವ ಅಧ್ಯಯನವು ಈ ಬರಸೀಮೆಗೆ ಅತ್ಯಗತ್ಯವಾಗಿದೆ.