ಮಗು ಮಾತಾಡಲು ತಡವಾದರೆ ಕಾಯಬೇಡಿ

"ಇವನ ಅಪ್ಪನೂ ಮೂರು ವರ್ಷದವರೆಗೆ ಮಾತಾಡಿರಲಿಲ್ಲ, ತಾನಾಗಿಯೇ ಸರಿಹೋಗುತ್ತದೆ" ಎಂಬ ಮಾತು ಮನೆಭೇಟಿಗಳಲ್ಲಿ ಆಗಾಗ ಕೇಳಿಬರುತ್ತದೆ. ಕೆಲವು ಮಕ್ಕಳಲ್ಲಿ ಅದು ನಿಜವೂ ಹೌದು. ಆದರೆ ಯಾವ ಮಗುವಿನಲ್ಲಿ ಎಂಬುದು ಪರೀಕ್ಷೆಯಿಲ್ಲದೆ ತಿಳಿಯದು. 18 ತಿಂಗಳಾದರೂ ನಡೆಯದ, 2 ವರ್ಷವಾದರೂ ಎರಡು ಪದ ಜೋಡಿಸಿ ಹೇಳದ, ಹೆಸರು ಕರೆದರೆ ತಿರುಗಿ ನೋಡದ ಮಗುವನ್ನು ಮಕ್ಕಳ ವೈದ್ಯರಿಗೆ ತೋರಿಸಲೇಬೇಕು. ಮಾತು ತಡವಾದರೆ ಮೊದಲು ಕಿವಿಯ ಪರೀಕ್ಷೆಯಾಗಲಿ. ಕಿವಿ ಕೇಳಿಸದ ಮಗುವನ್ನು ಹಠಮಾರಿ ಎಂದು ಗದರಿಸುವುದುಂಟು.

ಮಿದುಳು ಅತಿ ವೇಗವಾಗಿ ಬೆಳೆಯುವುದು ಮೊದಲ ಕೆಲವು ವರ್ಷಗಳಲ್ಲಿ. ಫಿಸಿಯೋಥೆರಪಿ, ಸ್ಪೀಚ್ ಥೆರಪಿ ಆಗಲೇ ಆರಂಭವಾದರೆ ಪ್ರಯೋಜನ ಹೆಚ್ಚು. ವಾರಕ್ಕೊಮ್ಮೆ ಅರ್ಧ ಗಂಟೆಯ ಥೆರಪಿ ಸಾಲದು. ಅಲ್ಲಿ ಹೇಳಿಕೊಟ್ಟದ್ದನ್ನು ಸ್ನಾನ, ಊಟ, ಆಟದ ಹೊತ್ತಿನಲ್ಲಿ ಮನೆಯವರು ದಿನವೂ ಮಾಡಿಸಬೇಕು. ಎಲ್ಲವನ್ನೂ ತಾಯಿಯೊಬ್ಬಳ ಮೇಲೆ ಹೊರಿಸುವ ನಮ್ಮ ರೂಢಿ ಮಾತ್ರ ಸರಿಯಲ್ಲ.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಅಂಗನವಾಡಿ ಹಾಗೂ ಸರಕಾರಿ, ಅನುದಾನಿತ ಶಾಲೆಗಳಲ್ಲಿ ಉಚಿತ ತಪಾಸಣೆಯಿದೆ. ಖಾಸಗಿ ನರ್ಸರಿಯ ಮಕ್ಕಳು ಇದರಿಂದ ತಪ್ಪಿಹೋಗುವುದೇ ಹೆಚ್ಚು. ಅವರ ವಿಷಯದಲ್ಲಿ ಹೆತ್ತವರೇ ಎಚ್ಚರವಹಿಸಬೇಕು. ಮಾತು ಮತ್ತು ಶ್ರವಣದ ತೊಂದರೆಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ ಇರುವವರಿಗೆ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ವಿಮೆ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಸಿಗುತ್ತದೆ. ಥೆರಪಿ ಖರ್ಚೂ ಅದರಲ್ಲಿ ಸೇರಿದೆ. ಅಂಗವಿಕಲತೆಯ ಪ್ರಮಾಣಪತ್ರ ಬೇಕು. ಅರ್ಜಿ ತುಂಬಲು ವಾಳೆಯ ಗುರಿಕಾರರು ಅಂಥ ಮನೆಗಳಿಗೆ ನೆರವಾಗಬಹುದು.