ಅಧ್ಯಾಪಕರ ಮೈಕೈ ನೋವು

ಒಂದೊಂದು ಕಸುಬಿಗೆ ಒಂದೊಂದು ಬಗೆಯ ಬೇನೆ ಅಂಟಿಕೊಂಡಿರುತ್ತದೆಂಬುದು ನಮ್ಮ ಜನರಿಗೆ ಹೊಸ ಮಾತಲ್ಲ. ಅಕ್ಕಸಾಲಿಗನ ಕಣ್ಣು, ನೇಕಾರನ ಕಾಲು, ಮೂಟೆ ಹೊರುವವನ ಬೆನ್ನು, ಇವು ನೋಯುತ್ತವೆಂದರೆ ಯಾರೂ ಸಂಶಯಪಡುವುದಿಲ್ಲ. ಆದರೆ ಶಾಲೆಯ ಮೇಷ್ಟರೊಬ್ಬರು ಸೊಂಟ ಹಿಡಿದುಕೊಂಡಿದೆ ಎಂದರೆ ಕೇಳಿದವರು ನಗುತ್ತಾರೆ. "ನೆರಳಿನ ಕೆಲಸ, ಕೈಗೆ ಮಣ್ಣು ಮೆತ್ತದ ಕೆಲಸ, ನಿಮಗೆಲ್ಲಿಂದ ಬಂತು ಸ್ವಾಮಿ ಸೊಂಟನೋವು?" ಎನ್ನುತ್ತಾರೆ. ಮೇಷ್ಟರೂ ಅದನ್ನೇ ನಂಬಿ, ವಾಯುವೆಂದೋ ವಯಸ್ಸೆಂದೋ ಸಮಾಧಾನಪಟ್ಟುಕೊಂಡು, ರಾತ್ರಿ ನೋವಿನೆಣ್ಣೆ ತಿಕ್ಕಿಸಿಕೊಂಡು, ಬೆಳಿಗ್ಗೆ ಪಾಠಕ್ಕೆ ಹೊರಡುತ್ತಾರೆ.

ಈ ವಿಷಯವನ್ನು ನಾನು ಆರಿಸಿಕೊಳ್ಳಲು ಕಾರಣ ನಮ್ಮ ಮನೆ. ತಾಯಿಯವರು ಪ್ರಾಥಮಿಕ ಶಾಲೆಯ ಉಪಾಧ್ಯಾಯಿನಿ. ಅಕ್ಕ ಒಂದು ಖಾಸಗಿ ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತಾಳೆ. ಚಿಕ್ಕಪ್ಪನವರು ಕಾಲೇಜಿನ ಅಧ್ಯಾಪಕರು. ಮೂವರಿಗೂ ನೋವುಂಟು, ಆದರೆ ಮೂವರದೂ ಬೇರೆ ಬೇರೆ ಕಡೆ. ತಾಯಿಗೆ ಮೊಣಕಾಲು, ಅಕ್ಕನಿಗೆ ಬಲಭುಜ, ಚಿಕ್ಕಪ್ಪನಿಗೆ ಕತ್ತು. ಒಂದೇ ವೃತ್ತಿಯ ಮೂವರಿಗೆ ಮೂರು ಕಡೆ ಏಕೆ ನೋಯಬೇಕೆಂಬ ಪ್ರಶ್ನೆಯ ಬೆನ್ನು ಹತ್ತಿ ಓದಿದ್ದರ ಫಲ ಈ ಲೇಖನ. ನಮ್ಮ ಸಹಪಾಠಿಗಳಲ್ಲಿ ಅನೇಕರು ಮುಂದೆ ಬಿ.ಎಡ್. ಮುಗಿಸಿ ಇದೇ ಕಸುಬಿಗೆ ಇಳಿಯುವವರಾದುದರಿಂದ ಅವರಿಗೂ ಇದರಲ್ಲಿ ಸ್ವಲ್ಪ ಸ್ವಾರ್ಥವುಂಟು.

ಕಸುಬಿನ ಬೇನೆಗಳನ್ನು ಕುರಿತು ಮೊದಲು ಕ್ರಮವಾಗಿ ಬರೆದವರಲ್ಲಿ ಇಟಲಿಯ ವೈದ್ಯ ಬರ್ನಾರ್ಡಿನೊ ರಮಝಿನಿ ಪ್ರಮುಖನು. ಅವನ ಗ್ರಂಥವು 1700ರಲ್ಲಿ ಮೊಡೆನಾ ನಗರದಲ್ಲಿ ಪ್ರಕಟವಾಯಿತು. 1713ರಲ್ಲಿ ವಿಸ್ತರಿಸಿದ ಎರಡನೆಯ ಆವೃತ್ತಿ ಬಂದಿತು. ರೋಗಿಯನ್ನು ನೋಡುವ ವೈದ್ಯನು ಉಳಿದ ಪ್ರಶ್ನೆಗಳ ಜೊತೆಗೆ "ನಿನ್ನ ಕೆಲಸವೇನು?" ಎಂಬುದನ್ನೂ ಕೇಳಬೇಕೆಂದು ಹೇಳಿದವನು ಇವನೇ. ಬರೆಯುವವರ ಬೇನೆಗೆ ಅವನು ಮೂರು ಕಾರಣ ಕೊಟ್ಟನು: ಸದಾ ಕುಳಿತಿರುವುದು, ಕೈಯನ್ನು ಒಂದೇ ರೀತಿಯಲ್ಲಿ ಸತತವಾಗಿ ಆಡಿಸುವುದು, ತಪ್ಪಾಗಬಾರದೆಂದು ಮನಸ್ಸನ್ನು ಬಿಗಿಹಿಡಿಯುವುದು. ಜೀವಮಾನವೆಲ್ಲ ಬರೆದೂ ಬರೆದೂ ಬಲಗೈ ಸೋತುಹೋದ ಪತ್ರಲೇಖಕನೊಬ್ಬನ ಕಥೆಯನ್ನೂ ಅವನು ಹೇಳುತ್ತಾನೆ. ಆ ಮನುಷ್ಯ ಹಟ ಹಿಡಿದು ಎಡಗೈಯಲ್ಲಿ ಬರೆಯಲು ಕಲಿತ; ಕೆಲಕಾಲದಲ್ಲೇ ಎಡಗೈಗೂ ಅದೇ ಗತಿಯಾಯಿತು. ಉತ್ತರಪತ್ರಿಕೆಗಳನ್ನು ತಿದ್ದುವ ನಮ್ಮ ಗುರುಗಳಿಗೆ ಈ ಮೂರು ಕಾರಣಗಳೂ ಅಕ್ಷರಶಃ ಹೊಂದುತ್ತವೆಂದು ಬೇರೆ ಹೇಳಬೇಕಾಗಿಲ್ಲ. ರಮಝಿನಿಯೂ ವಿಶ್ವವಿದ್ಯಾಲಯದ ಅಧ್ಯಾಪಕನೇ ಆಗಿದ್ದನು, ಅನುಭವದ ಮಾತಿರಬಹುದು.

ಇನ್ನು ಮೈಯೊಳಗೆ ನಡೆಯುವುದೇನೆಂಬುದನ್ನು ನೋಡೋಣ. ವಾಚಕರು ಒಂದು ಚಿಕ್ಕ ಪರೀಕ್ಷೆ ಮಾಡಬಹುದು. ನೀರು ತುಂಬಿದ ಚೊಂಬೊಂದನ್ನು ಹಿಡಿದು ತೋಳನ್ನು ಮುಂದಕ್ಕೆ ನೇರವಾಗಿ ಚಾಚಿ, ಅಲುಗಿಸದೆ ನಿಲ್ಲಿ. ಒಂದೆರಡು ನಿಮಿಷಗಳೊಳಗೆ ಭುಜ ಉರಿಯತೊಡಗುತ್ತದೆ. ಅದೇ ಚೊಂಬನ್ನು ಹಿಡಿದು ಒಂದು ಫರ್ಲಾಂಗು ನಡೆದುಹೋಗಿ ಬಂದರೂ ಅಷ್ಟು ದಣಿವಾಗದು. ಭಾರ ಒಂದೇ, ದಣಿವು ಬೇರೆ. ಏಕೆಂದರೆ ಮಾಂಸಖಂಡವು ಬಿಗಿದಾಗ ತನ್ನೊಳಗಿನ ಸಣ್ಣ ರಕ್ತನಾಳಗಳನ್ನು ತಾನೇ ಅದುಮುತ್ತದೆ. ಬಿಗಿದು ಸಡಿಲಿಸುತ್ತಿದ್ದರೆ ಪ್ರತಿ ಸಡಿಲಿಕೆಯಲ್ಲೂ ಹೊಸ ರಕ್ತ ಹರಿದು ಬರುತ್ತದೆ. ಬಿಗಿದೇ ಇದ್ದರೆ ಹರಿವು ತಗ್ಗುತ್ತದೆ. ದುಡಿಯುವ ಖಂಡಕ್ಕೆ ಆಹಾರ ಸಾಲದು, ಕಲ್ಮಷ ಹೊರಗೆ ಹೋಗದು. ಹೊಲದಲ್ಲಿ ಗುದ್ದಲಿ ಹಿಡಿದವನ ಮೈ ಬಿಗಿಯುತ್ತ ಸಡಿಲುತ್ತ ಇರುತ್ತದೆ. ಬೋರ್ಡಿನ ಮುಂದೆ ನಿಂತವರ ಮೈ, ಉತ್ತರಪತ್ರಿಕೆಯ ಮೇಲೆ ಬಾಗಿದವರ ಮೈ, ಗಂಟೆಗಟ್ಟಲೆ ಮೆಲ್ಲಗೆ ಬಿಗಿದುಕೊಂಡೇ ಇರುತ್ತದೆ. ನೆರಳಿನ ಕೆಲಸದ ಕಷ್ಟವೆಲ್ಲ ಇರುವುದು ಈ ಅಲುಗಾಟವಿಲ್ಲದಿರುವಿಕೆಯಲ್ಲಿ.

ಅಕ್ಕನ ಭುಜವನ್ನೇ ತೆಗೆದುಕೊಳ್ಳಿ. ಮನುಷ್ಯನ ಒಂದು ತೋಳಿನ ತೂಕ ಮೈತೂಕದಲ್ಲಿ ಸುಮಾರು ನೂರಕ್ಕೆ ಐದು ಪಾಲು. ಎಂದರೆ 60 ಕಿಲೋ ತೂಗುವವರಿಗೆ 3 ಕಿಲೋ. ಹಲಗೆಯ ಮೇಲ್ತುದಿಯಿಂದ ಬರೆಯಲು ತೊಡಗಿದವರು ಈ 3 ಕಿಲೋವನ್ನು ತಲೆಯ ಎತ್ತರಕ್ಕೆ ಹಿಡಿದು ನಿಲ್ಲಬೇಕು. ತೋಳು ಭುಜಕ್ಕಿಂತ ಮೇಲೆದ್ದಾಗ, ತೋಳಿನ ಮೂಳೆಯ ತಲೆಗೂ ಭುಜದ ಮೇಲಿನ ಎಲುಬಿಗೂ ನಡುವೆ ಇರುವ ಕಿರಿದಾದ ಸಂದಿಯಲ್ಲಿ ಹಾದುಹೋಗುವ ಸ್ನಾಯುರಜ್ಜುವಿಗೆ ಎಡೆ ಸಾಲದೆ ಒತ್ತಡ ಬೀಳುತ್ತದೆ. ಒಂದು ದಿನದ ಒತ್ತಡ ರಾತ್ರಿ ನಿದ್ರೆಯಲ್ಲಿ ಮರೆಯುತ್ತದೆ. ದಿನಕ್ಕೆ ಆರು ಪೀರಿಯಡ್ಡು, ಪ್ರತಿ ಪೀರಿಯಡ್ಡಿನಲ್ಲೂ ಎರಡು ಸಲ ಹಲಗೆ ತುಂಬಿಸಿ ಅಳಿಸುವುದು, ಹೀಗೆ ಹತ್ತು ವರ್ಷ ನಡೆದರೆ ಕೊನೆಗೆ ಜಡೆ ಹೆಣೆದುಕೊಳ್ಳಲು ಕೈ ಹಿಂದಕ್ಕೆ ಹೋಗದು. ಅಕ್ಕನಿಗೆ ಆಗಿರುವುದು ಇದೇ.

ತಾಯಿಯವರ ಕಷ್ಟ ಬೇರೆ ಜಾತಿಯದು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಆರಂಭವಾಗಿ ಆಮೇಲೆ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಹರಡಿದ ನಲಿ-ಕಲಿ ಪದ್ಧತಿಯಲ್ಲಿ ಮಕ್ಕಳು ಗುಂಪುಗುಂಪಾಗಿ ನೆಲದ ಮೇಲೆ ಕೂರುತ್ತಾರೆ. ಉಪಾಧ್ಯಾಯರು ಅವರ ನಡುವೆ ಕೂರುತ್ತಾರೆ. ಮಕ್ಕಳಿಗೆ ಇದು ಬಹಳ ಒಳ್ಳೆಯ ಪದ್ಧತಿಯೆಂದೇ ನನ್ನ ಅಭಿಪ್ರಾಯ. ಆದರೆ ಐವತ್ತು ದಾಟಿದ ಉಪಾಧ್ಯಾಯಿನಿಯೊಬ್ಬರು ಒಂದು ಗುಂಪಿನಿಂದೆದ್ದು ಮತ್ತೊಂದರಲ್ಲಿ ಕುಳಿತು, ಕುಕ್ಕರಗಾಲಿನಲ್ಲಿ ಒಂದು ಮಗುವಿನ ಕೈಹಿಡಿದು ತಿದ್ದಿಸಿ, ಮತ್ತೆ ಏಳುವುದು ದಿನಕ್ಕೆ ಎಷ್ಟು ಸಲವೆಂದು ಎಣಿಸಿದವರಿಲ್ಲ. ಮೊಣಕಾಲು ಪೂರ್ತಿ ಮಡಿಚಿದಾಗ ಮಂಡಿಚಿಪ್ಪಿನ ಹಿಂದೆ ಒತ್ತಡ ಬಹಳವಾಗುತ್ತದೆ. ಇಷ್ಟರ ಮೇಲೆ ಮನೆಗೆ ಬಂದರೆ ಕಸ ಗುಡಿಸುವುದು, ರೊಟ್ಟಿ ತಟ್ಟುವುದು; ಶಾಲೆಯ ಪಾಳಿ ಮುಗಿದ ಕೂಡಲೆ ಮನೆಯ ಪಾಳಿ. ನೋವನ್ನು ಹೇಳಿಕೊಳ್ಳುವವರಲ್ಲಿ ಉಪಾಧ್ಯಾಯಿನಿಯರೇ ಹೆಚ್ಚೆಂದು ಅನೇಕ ದೇಶಗಳ ಅಧ್ಯಯನಗಳು ಹೇಳುತ್ತವೆ. ಅದಕ್ಕೆ ದೇಹದ ಸೂಕ್ಷ್ಮತೆಯನ್ನು ಕಾರಣವಾಗಿ ಹೇಳುವವರು ಈ ಎರಡನೆಯ ಪಾಳಿಯನ್ನೂ ಒಮ್ಮೆ ನೋಡುವುದು ಲೇಸು.

ಚಿಕ್ಕಪ್ಪನವರ ಕತ್ತಿನ ವಿಚಾರಕ್ಕೆ ಬಂದರೆ, ತಲೆಯ ತೂಕ ಸುಮಾರು 5 ಕಿಲೋ. ನೇರವಾಗಿ ಕುಳಿತಾಗ ಈ ಭಾರವನ್ನು ಬೆನ್ನೆಲುಬಿನ ಮಣಿಗಳು ಹೊರುತ್ತವೆ. ಬಾಗಿ ಓದುವಾಗ ತಲೆಯು ಮುಂದೆ ತೂಗಿಬಿದ್ದು, ಕತ್ತಿನ ಹಿಂದಿನ ಖಂಡಗಳು ಅದನ್ನು ಹಗ್ಗದಂತೆ ಎಳೆದು ಹಿಡಿಯಬೇಕಾಗುತ್ತದೆ. ಸೊಂಟದ ಸ್ಥಿತಿಯೂ ಹೀಗೆಯೇ. 1960ರ ದಶಕದಲ್ಲಿ ಸ್ವೀಡನ್ನಿನ ವೈದ್ಯ ಆಲ್ಫ್ ನಾಕೆಮ್ಸನ್, ಬೆನ್ನೆಲುಬಿನ ಮಣಿಗಳ ನಡುವಿನ ಬಿಲ್ಲೆಯೊಳಕ್ಕೆ ಸೂಜಿ ತೂರಿಸಿ ಒತ್ತಡವನ್ನು ಅಳೆದನು. ನಿಂತಾಗಿನ ಒತ್ತಡವನ್ನು 100 ಎಂದಿಟ್ಟುಕೊಂಡರೆ, ಮುಂದಕ್ಕೆ ಬಾಗಿ ಕುಳಿತಾಗ ಅದು ಸುಮಾರು 185 ಆಗುತ್ತಿತ್ತು. 1999ರಲ್ಲಿ ಜರ್ಮನಿಯಲ್ಲಿ ನಡೆದ ಅಳತೆಯು, ಆರಾಮವಾಗಿ ಕೂರುವುದರಿಂದ ಅಷ್ಟೇನೂ ಕೆಡುಕಿಲ್ಲವೆಂದು ತೋರಿಸಿದರೂ, ಬಾಗಿ ಕೂರುವುದನ್ನು ಕುರಿತು ಹಳೆಯ ಮಾತನ್ನೇ ಎತ್ತಿಹಿಡಿಯಿತು. ಮೌಲ್ಯಮಾಪನ ಕೇಂದ್ರಗಳಲ್ಲಿ ನಮ್ಮ ಗುರುಗಳನ್ನು ಕೂರಿಸುವುದು ವಿದ್ಯಾರ್ಥಿಗಳ ಬೆಂಚಿನ ಮೇಲೆ. ಒರಗಲು ಬೆನ್ನಿಲ್ಲ, ಡೆಸ್ಕು ತಗ್ಗು, ಕಟ್ಟುಗಳು ಮುಗಿಯುವ ತನಕ ಏಳುವಂತಿಲ್ಲ. ನಾವು ಬರೆದ ಪುಟಗಳನ್ನು ಅವರು ಇಂಥ ಸ್ಥಿತಿಯಲ್ಲಿ ಓದುತ್ತಾರೆಂಬುದು ನಮ್ಮ ಅಕ್ಷರಗಳನ್ನು ಸ್ವಲ್ಪ ದುಂಡಾಗಿಸಬೇಕು.

ಇದು ನಮ್ಮ ಮನೆಯ ಮೂವರ ಮಾತಷ್ಟೇ ಅಲ್ಲ. ಶಾಲಾ ಉಪಾಧ್ಯಾಯರನ್ನು ಕುರಿತು ನಾನಾ ದೇಶಗಳಲ್ಲಿ ನಡೆದ ಅಧ್ಯಯನಗಳನ್ನೆಲ್ಲ 2011ರಲ್ಲಿ ಒಟ್ಟಿಗೆ ಪರಿಶೀಲಿಸಿದ ಇಬ್ಬರು ಸಂಶೋಧಕರು, ಮಾಂಸಖಂಡ ಮತ್ತು ಕೀಲುಗಳ ನೋವು ನೂರಕ್ಕೆ 39ರಿಂದ 95 ಮಂದಿಯವರೆಗೆ ಇತ್ತೆಂದು ಕಂಡರು. ಅಂತರ ದೊಡ್ಡದೇ, ನೋವೆಂದರೆ ಏನು, ಎಷ್ಟು ದಿನದ್ದು ಎಂದು ಒಬ್ಬೊಬ್ಬರು ಒಂದೊಂದು ರೀತಿಯಲ್ಲಿ ಕೇಳಿದ್ದೂ ಅದಕ್ಕೆ ಕಾರಣ. ಅತಿ ಕಡಿಮೆಯ ಅಂಕಿಯನ್ನೇ ಹಿಡಿದರೂ ಐವರಲ್ಲಿ ಇಬ್ಬರಿಗೆ ಹತ್ತಿರವಾಯಿತು.

ನಮ್ಮ ಹಿಂದಿನ ಕೂಲಿಮಠಗಳಲ್ಲಿ ಈ ತೊಂದರೆ ಹೀಗಿದ್ದಿರಲಾರದು. ಅಯ್ಯನವರು ಗದ್ದುಗೆಯ ಮೇಲೆ ಕುಳಿತಿರುತ್ತಿದ್ದರು. ಮಕ್ಕಳು ಮರಳಿನ ಮೇಲೆ ಬೆರಳಾಡಿಸಿ ಅಕ್ಷರ ತಿದ್ದಿ, ಮುಂದೆ ಕಡತದ ಮೇಲೆ ಬಳಪದಲ್ಲಿ ಬರೆದು ತಂದು ತೋರಿಸುತ್ತಿದ್ದರು. ಎದ್ದು ಬರಬೇಕಾದವರು ಮಕ್ಕಳು. ಗೋಡೆಯ ಕರಿಹಲಗೆ ಬಂದ ಮೇಲೆ ಗುರುವನ್ನು ನಿಲ್ಲಿಸಿದೆವು. ನಿಂತು ಪಾಠ ಹೇಳುವುದು ಕ್ರಮೇಣ ಶಿಸ್ತಿನ ಗುರುತೂ ಆಯಿತು. ಅಕ್ಕನ ಶಾಲೆಯಲ್ಲಿ ಅಧ್ಯಾಪಕರು ಕುಳಿತರೆ ಪಾಠ ಮಂಕಾಗುತ್ತದೆಂದು ಹೇಳಿ ತರಗತಿಗಳಿಂದ ಕುರ್ಚಿಗಳನ್ನೇ ತೆಗೆಸಿದ್ದಾರೆ. ನಡೆಯುವಾಗ ಮೀನಖಂಡವು ಬಿಗಿದು ಸಡಿಲಿ ಕಾಲಿನ ರಕ್ತವನ್ನು ಮೇಲಕ್ಕೊತ್ತುತ್ತದೆ. ಸುಮ್ಮನೆ ನಿಂತರೆ ರಕ್ತ ಕಾಲಿನಲ್ಲೇ ಮಡುಗಟ್ಟುತ್ತದೆ. ಕವಾಯತಿನಲ್ಲಿ ಅಲುಗದೆ ನಿಂತ ಸಿಪಾಯಿಗಳು ತಲೆಸುತ್ತಿ ಬೀಳುವುದು ಇದರಿಂದಲೇ. ಕುರ್ಚಿ ತೆಗೆಸಿದವರಿಗೆ ಈ ಸಂಗತಿ ತಿಳಿದಿದ್ದಂತೆ ತೋರುವುದಿಲ್ಲ.

ಕಾನೂನು ಏನನ್ನುತ್ತದೆಂದು ಹುಡುಕಿದೆ. 1948ರ ಕಾರ್ಖಾನೆ ಕಾಯಿದೆಯ 44ನೆಯ ಪ್ರಕರಣವು, ನಿಂತು ದುಡಿಯಬೇಕಾದ ಕಾರ್ಮಿಕರಿಗೆ ಎಡೆ ಸಿಕ್ಕಾಗ ಕೂರಲು ಆಸನ ಒದಗಿಸಬೇಕೆಂದು ವಿಧಿಸಿತು. ಅಂಗಡಿಗಳಲ್ಲಿ ನಿಂತು ದುಡಿಯುವವರಿಗೆ ಕೂರುವ ಹಕ್ಕನ್ನು ಕೇರಳವು 2018ರಲ್ಲೂ ತಮಿಳುನಾಡು 2021ರಲ್ಲೂ ಕಾಯಿದೆ ತಿದ್ದಿ ಕೊಟ್ಟವು. ತರಗತಿಯು ಕಾರ್ಖಾನೆಯೂ ಅಲ್ಲ, ಅಂಗಡಿಯೂ ಅಲ್ಲ. 1988ರ ತೀರ್ಪೊಂದರಲ್ಲಿ ಸುಪ್ರೀಂ ಕೋರ್ಟು, ಕೈಗಾರಿಕಾ ವಿವಾದಗಳ ಕಾಯಿದೆಯ ಅರ್ಥದಲ್ಲಿ ಅಧ್ಯಾಪಕರು ಕಾರ್ಮಿಕರಲ್ಲ, ಅವರದು ಉದಾತ್ತವಾದ ವೃತ್ತಿ ಎಂದಿತು. ಗೌರವದ ಮಾತೇ ಸರಿ. ಆದರೆ ಉದಾತ್ತ ವೃತ್ತಿಯವರ ಮೊಣಕಾಲೂ ಕಾರ್ಮಿಕನ ಮೊಣಕಾಲಿನಂತೆಯೇ ನೋಯುತ್ತದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು 2010ರಲ್ಲಿ ಪರಿಷ್ಕರಿಸಿದ ವೃತ್ತಿರೋಗಗಳ ಪಟ್ಟಿಯಲ್ಲಿ ಮಣಿಕಟ್ಟು, ಮೊಣಕೈ, ಮೊಣಕಾಲುಗಳ ಕೆಲವು ಬೇನೆಗಳಿಗೆ ಹೆಸರು ಸಿಕ್ಕಿದೆ. ಕತ್ತು, ಸೊಂಟಗಳ ಸಾಮಾನ್ಯ ನೋವಿಗೆ ಪ್ರತ್ಯೇಕ ಹೆಸರಿಲ್ಲ. ಕೆಲಸಕ್ಕೂ ಬೇನೆಗೂ ನೇರ ಸಂಬಂಧವನ್ನು ಸಿದ್ಧಪಡಿಸಿದರೆ ಸೇರಿಸಿಕೊಳ್ಳಬಹುದೆಂಬ ಒಂದು ಬಾಗಿಲನ್ನು ಮಾತ್ರ ತೆರೆದಿಟ್ಟಿದ್ದಾರೆ. ಇಪ್ಪತ್ತು ವರ್ಷಗಳಲ್ಲಿ ಹನಿಹನಿಯಾಗಿ ಬಂದ ನೋವಿಗೆ ಸಂಬಂಧವನ್ನು ಸಿದ್ಧಪಡಿಸುವುದು ಹೇಗೆ? ಬಿದ್ದ ದಿನಕ್ಕೆ ತಾರೀಖುಂಟು, ಬಾಗಿದ ದಿನಕ್ಕೆ ತಾರೀಖಿಲ್ಲ.

ನೋವು ಬಂದವರು ಹೆದರುವ ಇನ್ನೊಂದು ಸಂಗತಿಯೆಂದರೆ "ಮೂಳೆ ಸವೆದಿದೆ" ಎಂಬ ಮಾತು. ಸ್ಕ್ಯಾನಿನ ವರದಿ ಹಿಡಿದು, ಇನ್ನು ನನ್ನ ಕಥೆ ಮುಗಿಯಿತೆಂದು ಕೂರುವವರನ್ನು ಕಂಡಿದ್ದೇನೆ. ಯಾವ ನೋವೂ ಇಲ್ಲದವರ ಬೆನ್ನಿನ ಚಿತ್ರಗಳನ್ನು ಕುರಿತು 2015ರಲ್ಲಿ ಪ್ರಕಟವಾದ ಒಂದು ಪರಿಶೀಲನೆಯಲ್ಲಿ, ಇಪ್ಪತ್ತು ವರ್ಷದವರಲ್ಲೇ ನೂರಕ್ಕೆ 37 ಮಂದಿಗೆ ಬಿಲ್ಲೆಗಳ ಸವೆತ ಕಂಡಿತು. ಎಂಬತ್ತರವರಲ್ಲಿ 96 ಮಂದಿಗೆ. ಸವೆತವು ತಲೆಗೂದಲು ನರೆತಂತೆ. ನೋವಿಗೆ ಅದೊಂದೇ ಕಾರಣವಾಗಬೇಕಾಗಿಲ್ಲ. ಹಾಸಿಗೆ ಹಿಡಿದು ಮಲಗುವುದೂ ಮದ್ದಲ್ಲ. 1995ರಲ್ಲಿ ಫಿನ್‌ಲೆಂಡಿನ ಹೆಲ್ಸಿಂಕಿ ನಗರಾಡಳಿತದ ನೌಕರರಲ್ಲಿ ಆಗತಾನೆ ಸೊಂಟನೋವು ಬಂದ 186 ಮಂದಿಯನ್ನು ಮೂರು ಗುಂಪು ಮಾಡಿ ನೋಡಿದಾಗ, ಎರಡು ದಿನ ಮಲಗಿದವರಿಗಿಂತಲೂ, ಸೊಂಟದ ವ್ಯಾಯಾಮ ಮಾಡಿದವರಿಗಿಂತಲೂ, ಆದಷ್ಟು ಮಟ್ಟಿಗೆ ನಿತ್ಯದ ಕೆಲಸ ಮಾಡಿಕೊಂಡಿದ್ದವರು ಬೇಗ ಗುಣವಾದರು. ಹಳೆಯ ಕತ್ತುನೋವಿಗಾದರೋ ವ್ಯಾಯಾಮವೇ ಉಪಾಯ. 2011ರಲ್ಲಿ ಡೆನ್ಮಾರ್ಕಿನಲ್ಲಿ 198 ಕಚೇರಿ ನೌಕರರ ಮೇಲೆ ನಡೆದ ಪ್ರಯೋಗದಲ್ಲಿ, ರಬ್ಬರಿನ ಪಟ್ಟಿಯನ್ನೆಳೆದು ಭುಜದ ಖಂಡಗಳನ್ನು ಬಲಪಡಿಸುವ ಸಾಧನೆಯನ್ನು ದಿನಕ್ಕೆ 2 ನಿಮಿಷ ಮಾಡಿದವರಿಗೂ 12 ನಿಮಿಷ ಮಾಡಿದವರಿಗೂ ಹತ್ತು ವಾರಗಳಲ್ಲಿ ನೋವು ಕಡಿಮೆಯಾಯಿತು. ಎರಡು ನಿಮಿಷವೆಂದರೆ ಹಾಜರಿ ಕೂಗುವಷ್ಟು ಹೊತ್ತು. ಕೈಕಾಲು ಜೋಮುಹಿಡಿದು ಬಲ ಕುಂದಿದರೆ, ನೋವಿನೊಡನೆ ಜ್ವರ ಬಂದರೆ, ಮೂತ್ರದ ಹಿಡಿತ ತಪ್ಪಿದರೆ ಮಾತ್ರ ತಡಮಾಡದೆ ವೈದ್ಯರಲ್ಲಿಗೆ ಓಡಬೇಕು.

ತರಗತಿಯಲ್ಲಿ ಮಾಡಬಹುದಾದ ಏರ್ಪಾಡುಗಳಿಗೆ ಹೆಚ್ಚು ಹಣ ಬೇಕಿಲ್ಲ. ಹಲಗೆಯ ಮೇಲಿನ ಒಂದಡಿಯನ್ನು ಶೀರ್ಷಿಕೆಗೆ ಬಿಟ್ಟು, ಭುಜದಿಂದ ಕಣ್ಣಿನ ಮಟ್ಟದೊಳಗೆ ಬರೆಯಬಹುದು. ದೂರಕ್ಕೆ ಕೈ ಚಾಚುವ ಬದಲು ಪಕ್ಕಕ್ಕೆ ಒಂದು ಹೆಜ್ಜೆ ಇಡಬಹುದು. ಹಳೆಯ ಕಟ್ಟಡಗಳಲ್ಲಿದ್ದ ಮರದ ವೇದಿಕೆ ಬರಿಯ ಗತ್ತಿಗಲ್ಲ, ಗಿಡ್ಡಗಿರುವವರಿಗೆ ಅದು ಹಲಗೆಯನ್ನು ಕೆಳಗಿಳಿಸಿಕೊಡುತ್ತಿತ್ತು. ಪ್ರತಿ ಕೊಠಡಿಗೂ ಒಂದು ಎತ್ತರದ ಸ್ಟೂಲು ಇರಲಿ. ನಲಿ-ಕಲಿಯ ತರಗತಿಗೆ ಗೇಣುದ್ದದ ಮಣೆಯಾದರೂ ಇದ್ದರೆ ಮೊಣಕಾಲು ಪೂರ್ತಿ ಮಡಿಚುವುದು ತಪ್ಪುತ್ತದೆ. ನಮ್ಮ ತಾಯಿಯವರು ಬಡಗಿಯಿಂದ ಒಂದನ್ನು ಮಾಡಿಸಿಕೊಂಡಿದ್ದಾರೆ, ಮಕ್ಕಳು ಅದಕ್ಕೆ ಟೀಚರ್ ಮಣೆ ಎಂದು ಹೆಸರಿಟ್ಟಿದ್ದಾರೆ.

ಉತ್ತರಪತ್ರಿಕೆ ತಿದ್ದುವವರಿಗೆ ನಮ್ಮ ಮನೆಗಳಲ್ಲೇ ಒಂದು ಸಾಧನವುಂಟು. ಅಜ್ಜಂದಿರು ಪುರಾಣ ಓದುತ್ತಿದ್ದ ವ್ಯಾಸಪೀಠ. ಹಾಳೆಯು ಮುಖದತ್ತ ಓರೆಯಾಗಿ ಎದ್ದು ನಿಲ್ಲುವುದರಿಂದ ತಲೆ ಅದರತ್ತ ಬಾಗಬೇಕಾಗಿಲ್ಲ. ಚಿಕ್ಕಪ್ಪನವರು ಕಳೆದ ಬೇಸಗೆಯಲ್ಲಿ ಅಟ್ಟದಿಂದ ಅದನ್ನಿಳಿಸಿ, ಮೇಲೊಂದು ರಟ್ಟನ್ನಿಟ್ಟು, ಹತ್ತು ಪತ್ರಿಕೆಗೊಮ್ಮೆ ಎದ್ದು ಅಂಗಳದಲ್ಲಿ ಒಂದು ಸುತ್ತು ಹಾಕಿ ಬರುವ ವಾಡಿಕೆ ಮಾಡಿಕೊಂಡಿದ್ದಾರೆ. ಕತ್ತುನೋವು ಪೂರ್ತಿ ಹೋಗಿಲ್ಲ, ಆದರೆ ರಾತ್ರಿ ಹೊರಳಿ ಮಲಗುವಾಗ ಎಚ್ಚರವಾಗುವುದಿಲ್ಲವಂತೆ. ಕೇಂದ್ರ ಮೌಲ್ಯಮಾಪನಕ್ಕೆ ಅದನ್ನು ಕಂಕುಳಲ್ಲಿಟ್ಟುಕೊಂಡು ಹೋಗಲು ಮಾತ್ರ ಅವರಿಗಿನ್ನೂ ಸಂಕೋಚ.